ಬೀಜ ಚಲೋ ಅದ, ಹೊಲಾನ ಖೊಟ್ಟಿ

ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆ ತೊಗರಿ ಮೊಳೆಯದಿದ್ದರೆ ರೈತ ಮೊದಲು ಹಿಡಿಯುವುದು ಬೀಜದವನ ಕೊರಳಪಟ್ಟಿ. ಖಾಲಿ ಚೀಲ, ರಸೀದಿ ಹಿಡಿದು ರೈತ ಸಂಪರ್ಕ ಕೇಂದ್ರದ ಮುಂದೆ ಕೂಗಾಡುತ್ತಾನೆ, ಪರಿಹಾರ ಕೇಳುತ್ತಾನೆ. ಅದೇ ರೈತ ಮನೆಯ ಹೊಸ್ತಿಲು ದಾಟಿದರೆ ಕೃಷಿ ವಿಜ್ಞಾನವೇ ತಲೆಕೆಳಗು. ಮದುವೆಯಾಗಿ ನಾಲ್ಕು ವರ್ಷ, ತೊಟ್ಟಿಲು ಕಟ್ಟಿಲ್ಲ. ತೀರ್ಪು ಮಾತ್ರ ಸಿದ್ಧವಾಗಿದೆ: ‘ಬೀಜ ಚಲೋ ಅದರಿ, ಹೊಲಾನ ಖೊಟ್ಟಿ.’

ಹೊಲಕ್ಕೆ ಆಗದ ಪರೀಕ್ಷೆಯಿಲ್ಲ. ಕಲಬುರಗಿಗೆ ಬಸ್ಸು ಹತ್ತಿಸಿ ರಕ್ತ, ಸ್ಕ್ಯಾನಿಂಗು, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ. ಸಾಲದಿದ್ದರೆ ಹೊಟ್ಟೆಗೆ ತೂತು ಕೊರೆದು ದುರ್ಬೀನು. ನಡುವೆ ಗಾಣಗಾಪುರದ ಔದುಂಬರ ಪ್ರದಕ್ಷಿಣೆ, ಬಂದೇ ನವಾಜರ ದರ್ಗಾದ ಹರಕೆ. ಎಲ್ಲೆಡೆ ಸೆರಗೊಡ್ಡುವವಳು ಹೆಂಡತಿಯೇ. ಗಂಡ ಆಸ್ಪತ್ರೆಯ ಗೇಟಿನಾಚೆ ಗುಟ್ಕಾ ಚೀಟಿ ಹರಿಯುತ್ತ ನಿಂತಿರುತ್ತಾನೆ. ‘ನಿಮ್ದೂ ಒಂದ್ ಟೆಸ್ಟ್ ಮಾಡಿಸ್ರಿ’ ಎಂದರೆ, ‘ನನಗೇನಾಗ್ಯಾದ್ರಿ ಮೇಡಂ, ಗಂಡಸಿದ್ದೀನಿ!’

ಆ ವೀರ್ಯದ ಟೆಸ್ಟಿಗೆ ಸೂಜಿಯಿಲ್ಲ, ಅರಿವಳಿಕೆಯಿಲ್ಲ. ಎರಡರಿಂದ ಏಳು ದಿನದ ಬ್ರಹ್ಮಚರ್ಯ, ಒಂದು ಪ್ಲಾಸ್ಟಿಕ್ ಡಬ್ಬಿ, ಕೆಲವು ನೂರು ರೂಪಾಯಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು ಕೆಳಮಿತಿ. ರೂಪ ಸರಿಯಿರಬೇಕಾದ್ದು ನೂರಕ್ಕೆ 4 ಮಾತ್ರ. ಇಷ್ಟು ಉದಾರವಾಗಿ ಅಂಕ ಕೊಡುವ ಪರೀಕ್ಷೆಗೂ ಗೈರುಹಾಜರಾಗುವ ವಿದ್ಯಾರ್ಥಿ ನಮ್ಮ ಗಂಡಸು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ದೋಷವೂ ಇರುತ್ತದೆ ಎಂಬುದು ಹಳೆಯ ಸುದ್ದಿ. ಅದು ಇವನ ಕಿವಿಗೆ ಇನ್ನೂ ಬಿದ್ದಿಲ್ಲ.

ಹಾಸಿಗೆಯ ಪರಾಕ್ರಮಕ್ಕೂ ವೀರ್ಯಾಣುವಿನ ಲೆಕ್ಕಕ್ಕೂ ಸಂಬಂಧವಿಲ್ಲ. ಮೀಸೆಗಂತೂ ಮೊದಲೇ ಇಲ್ಲ. ಜಿಮ್ಮಿನಲ್ಲಿ ತೋಳು ಉಬ್ಬಿಸಲು ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುವ ಹುಡುಗರನ್ನು ನೋಡಿ. ಹೊರಗಿನಿಂದ ಹಾರ್ಮೋನು ಬಂದರೆ ಒಳಗಿನ ಕಾರ್ಖಾನೆ ಬಾಗಿಲು ಹಾಕುತ್ತದೆ, ಎಣಿಕೆ ಕೆಲವೊಮ್ಮೆ ಸೊನ್ನೆಗೇ ಇಳಿಯುತ್ತದೆ. ಗಂಡಸುತನ ಖರೀದಿಸಲು ಹೋಗಿ ಇದ್ದದ್ದನ್ನೂ ಕೊಟ್ಟು ಬರುವ ವ್ಯಾಪಾರ.

ಪರೀಕ್ಷೆಗೆ ಕೆಲವು ನೂರು ರೂಪಾಯಿ ಹುಟ್ಟದವನಿಗೆ ಎರಡನೇ ಮದುವೆಗೆ ಲಕ್ಷದ ಸಾಲ ಹುಟ್ಟುತ್ತದೆ. ಎರಡನೆಯವಳೂ ಬಸಿರಾಗದಿದ್ದರೆ? ಎರಡೂ ಹೊಲ ಖೊಟ್ಟಿ! ಕಮಲಾಪುರದಲ್ಲಿ ಬೀಜದ ಹಂಗಿಲ್ಲದೆ ವಂಶ ಬೆಳೆಸುವುದು ಅಲ್ಲಿಯ ಕೆಂಪು ಬಾಳೆ ಮಾತ್ರ. ಕಂದು ನೆಟ್ಟರೆ ಸಾಕು. ಅದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿದೆ.

ದಾನಿಯ ವೀರ್ಯ ಅಂದರೆ ‘ಛೀ, ನಮ್ಮ ಸಂಸ್ಕೃತಿಯಲ್ಲ’ ಅನ್ನುವವರು ಮಹಾಭಾರತವನ್ನು ಟಿವಿಯಲ್ಲಾದರೂ ನೋಡಿರುತ್ತಾರೆ. ಅಂಬಿಕೆ, ಅಂಬಾಲಿಕೆ, ದಾಸಿ ಮೂವರಿಗೂ ಒಬ್ಬರೇ ವ್ಯಾಸರು. 2021ರ ಸಂತಾನೋತ್ಪತ್ತಿ ನೆರವು ಕಾಯ್ದೆ ಆಗ ಇದ್ದಿದ್ದರೆ ಕಷ್ಟವಿತ್ತು: ದಾನಿಯ ವಯಸ್ಸು 21ರಿಂದ 55, ಒಬ್ಬನ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಪಾಂಡು ಹುಟ್ಟುತ್ತಲೇ ಇರಲಿಲ್ಲ. ಹುಟ್ಟಿದ ಪಾಂಡುವಾದರೋ, ತನ್ನಿಂದಾಗದು ಎಂದು ಕುಂತಿಯೆದುರು ಬಾಯಿಬಿಟ್ಟು ಹೇಳಿದ. ಹಸ್ತಿನಾವತಿಯ ದೊರೆಗೆ ಇದ್ದ ಎದೆಗಾರಿಕೆ ನಮ್ಮ ಗುಟ್ಕಾ ದೊರೆಗಿಲ್ಲ.

ಇದರಲ್ಲಿ ನಗುವಂತಿಲ್ಲದ ಸಂಗತಿಯೂ ಒಂದಿದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಕಿಮೊಥೆರಪಿ ಎಷ್ಟೋ ಹುಡುಗರ ವೀರ್ಯಾಣುಗಳನ್ನು ಒರೆಸಿಹಾಕಬಲ್ಲದು. ಚಿಕಿತ್ಸೆಗೆ ಮೊದಲೇ ವೀರ್ಯ ಕೊಟ್ಟರೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಕಾದಿಡಬಹುದು. ಇಪ್ಪತ್ತರ ಹುಡುಗ ನಾಚಿಕೆಗೆ ಕೇಳುವುದಿಲ್ಲ, ಅಪ್ಪ ಮರ್ಯಾದೆಗೆ ಬಾಯಿ ಬಿಡುವುದಿಲ್ಲ. ಡಾಕ್ಟರೇ, ನೀವಾದರೂ ಮೊದಲು ಮಾತೆತ್ತಿ.

ಉಳಿದ ಗಂಡಂದಿರಿಗೆ: ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ತೊಗರಿಗಿಂತ ಬೇಗ. ಗುಟ್ಕಾ ಇವತ್ತೇ ಉಗುಳಿ. ಪ್ರಯತ್ನಪಟ್ಟು ವರ್ಷವಾಗಿದ್ದರೆ ಅವಳನ್ನು ಒಬ್ಬಳನ್ನೇ ಬಸ್ಸು ಹತ್ತಿಸಬೇಡಿ. ಆಸ್ಪತ್ರೆಯ ಮೊದಲ ಚೀಟಿ ನಿಮ್ಮ ಹೆಸರಿನಲ್ಲಿ ಮಾಡಿಸಿ.