ಚತುಶ್ಚಕ್ರ ರಾಯರು

ಬೆಂಗಳೂರಿನ ಯಾವ ಬಡಾವಣೆಯನ್ನು ಹೊಕ್ಕರೂ ಅಲ್ಲಿ ಒಬ್ಬ ಚತುಶ್ಚಕ್ರ ರಾಯರು ಇದ್ದೇ ಇರುತ್ತಾರೆ. ಮನೆಯಿಂದ ಕಚೇರಿಗೂ ಕಚೇರಿಯಿಂದ ಮನೆಗೂ ಡಾಂಬರಿನ ಮೇಲೆಯೇ ಸಂಚರಿಸುತ್ತ, ರಸ್ತೆಯ ಹಂಪುಗಳನ್ನುಳಿದು ಬೇರಾವ ಪರ್ವತವನ್ನೂ ವರ್ಷದ ಬಹುಭಾಗ ಕಾಣದೆ, ಆದರೂ ನಾಲ್ಕು ಗಾಲಿಗಳಿಗೂ ಇಂಜಿನ್ನಿನ ಶಕ್ತಿ ಹರಿಯುವಂಥ ವಾಹನವೇ ಆಗಬೇಕೆಂದು ಹಟಹಿಡಿದು ಕೊಂಡು, ಅದರ ನೆತ್ತಿಗೆ ಸಲಿಕೆಯನ್ನೂ ಕಪೋಲಕ್ಕೆ ಸ್ನಾರ್ಕೆಲ್ ಎಂಬ ಉಸಿರುಗೊಳವೆಯನ್ನೂ ತೊಡಿಸಿ, ಕೆಸರನ್ನೇ ಕಾಣದ ಗಾಲಿಗಳನ್ನು ಭಾನುವಾರದಂದು ಸ್ವಹಸ್ತದಿಂದ ತೊಳೆಯುತ್ತಿರುವ ಸದ್ಗೃಹಸ್ಥರೊಬ್ಬರನ್ನು ನೀವು ಕಂಡಿದ್ದರೆ, ಅವರೇ ಇವರು. ‘ಗಾಡಿ ಚೆನ್ನಾಗಿದೆ’ ಎಂಬ ನಿಮ್ಮ ನಿರುಪದ್ರವಿ ವಾಕ್ಯವು ಮುಗಿಯುವ ಮೊದಲೇ ಅವರು ನಿಮ್ಮ ತೋಳು ಹಿಡಿದು, ವಾಹನದ ಹಿಂಬದಿಗೆ ಕರೆದೊಯ್ದು, ಸೊಂಟನೋವಿನ ಪರಿವೆಯಿಲ್ಲದೆ ನಿಮ್ಮನ್ನು ಬಗ್ಗಿಸಿ, ಎರಡು ಗಾಲಿಗಳ ನಡುವಣ ಕಬ್ಬಿಣದ ಬುರುಡೆಯೊಂದನ್ನು ದರ್ಶನಮಾಡಿಸುತ್ತಾರೆ. ಮೆಕ್ಯಾನಿಕರು ಹೌಸಿಂಗ್ ಎನ್ನುವ ಆ ಬುರುಡೆಯೊಳಗೆ ಡಿಫರೆನ್ಷಿಯಲ್ ವಾಸವಾಗಿದೆ.

ಅದರ ಮಹಿಮೆಯನ್ನು ರಾಯರ ಬಾಯಿಂದಲೇ ಕೇಳಬೇಕು. ತಿರುವಿನಲ್ಲಿ ಹೊರಗಿನ ಗಾಲಿಯು ಒಳಗಿನದಕ್ಕಿಂತ ಹೆಚ್ಚು ದೂರವನ್ನು ಕ್ರಮಿಸಬೇಕಾಗುವುದರಿಂದ, ಎರಡಕ್ಕೂ ಬೇರೆಬೇರೆ ವೇಗದಲ್ಲಿ ಸುತ್ತುವ ಸ್ವಾತಂತ್ರ್ಯವನ್ನು ಕೊಡುವ ಈ ಹಲ್ಲುಚಕ್ರಗಳ ಏರ್ಪಾಟನ್ನು 1827ರಲ್ಲಿ ಒನೆಸಿಫೋರ್ ಪೆಕರ್ ಎಂಬ ಫ್ರೆಂಚ್ ಕುಶಲಿಯು ಹಬೆಯ ಬಂಡಿಗೆಂದು ರೂಪಿಸಿದನೆಂಬಲ್ಲಿಂದ ಪ್ರವಚನ ಆರಂಭವಾಗುತ್ತದೆ. ಆದರೆ ಸ್ವಾತಂತ್ರ್ಯಕ್ಕೆ ದೋಷವೂ ಉಂಟು: ಎರಡೂ ಗಾಲಿಗಳಿಗೆ ಸಮಬಲವನ್ನೇ ಹಂಚುವ ವ್ರತ ಈ ಯಂತ್ರದ್ದಾದುದರಿಂದ, ಒಂದು ಗಾಲಿಯು ಕೆಸರಿನಲ್ಲಿ ಹಿಡಿತ ತಪ್ಪಿ ಗಿರಗಿರನೆ ಸುತ್ತತೊಡಗಿದೊಡನೆ, ಅದನ್ನು ಸುತ್ತಿಸಲು ಸಾಲುವ ಅಲ್ಪಬಲವೇ ಗಟ್ಟಿನೆಲದ ಗಾಲಿಗೂ ದಕ್ಕಿ, ಅದು ಕದಲದೆ ನಿಲ್ಲುತ್ತದೆ. ಆಗ ಗುಂಡಿಯೊಂದನ್ನು ಒತ್ತಿದರಾಯಿತು; ಒಳಗಿನ ಹಲ್ಲುಗಳು ಕಚ್ಚಿಕೊಂಡು, ಲಾಕ್ ಬಿದ್ದು, ಎರಡೂ ಗಾಲಿಗಳು ಸತಿಪತಿಗಳಂತೆ ಕೂಡಿಯೇ ನಡೆಯುವುವು. ಈ ಉಪಮೆಯನ್ನು ಹೇಳುವಾಗ ರಾಯರು ತಮ್ಮ ಶ್ರೀಮತಿಯವರ ಕಡೆಗೆ ನೋಡುವುದಿಲ್ಲ.

ಇಂತಹ ಪಂಡಿತರ ವಾಹನದಲ್ಲಿ ಸಕಲೇಶಪುರದ ಕಡೆಯ ಕಾಫಿತೋಟವೊಂದಕ್ಕೆ ಮುಂಗಾರಿನ ಮಧ್ಯದಲ್ಲಿ ಹೋಗುವ ಭಾಗ್ಯ ನನಗೆ ಒದಗಿತು. ತೋಟದವರು ‘ಜೀಪು ಕಳಿಸುತ್ತೇವೆ, ನಿಮ್ಮ ಗಾಡಿ ಟಾರು ರಸ್ತೆಯಲ್ಲೇ ಇರಲಿ’ ಎಂದುದನ್ನು ರಾಯರು ವೈಯಕ್ತಿಕ ಅವಮಾನವೆಂದು ಭಾವಿಸಿದರು. ಫಲವಾಗಿ, ಡಾಂಬರು ಮುಗಿದು ಕೆಮ್ಮಣ್ಣು ಮೊದಲಾದ ಕೆಲವೇ ಮಾರು ದೂರದಲ್ಲಿ, ಹಿಂದಿನ ಎಡಗಾಲಿಯು ಒಂದು ಗುಂಡಿಗಿಳಿದು ವಾಹನವು ಓರೆಯಾಗಿ ನಿಂತಿತು. ಗಾಬರಿಗೊಳ್ಳಬೇಕಾದ ಆ ಕ್ಷಣದಲ್ಲಿ ರಾಯರ ಮುಖವು ಪ್ರಫುಲ್ಲವಾದುದನ್ನು ನಾನು ಕಣ್ಣಾರೆ ಕಂಡೆನು. ಎಷ್ಟೋ ಕಾಲದಿಂದ ಕಾದಿದ್ದ ಸುಮುಹೂರ್ತ ಅದು. “ಕರ್ಣನಿಗೆ ಶಾಪವಿತ್ತು, ನನಗೆ ಲಾಕ್ ಇದೆ” ಎಂದು ಅವರು ಗುಂಡಿಯನ್ನು ಒತ್ತಿದರು.

ಲಾಕಿನ ದೀಪವು ಮಿಣಮಿಣನೆ ಮಿನುಗಿತು, ಸ್ಥಿರವಾಗಿ ಉರಿಯಲಿಲ್ಲ. ಮಿನುಗುವ ದೀಪದ ಅರ್ಥ ಇಷ್ಟೇ: ಆಜ್ಞೆ ತಲಪಿದೆ, ಹಲ್ಲಿಗೆ ಹಲ್ಲು ಇನ್ನೂ ಕೂಡಿಲ್ಲ, ಗಾಲಿಗಳು ಸುತ್ತುವುದನ್ನು ನಿಲ್ಲಿಸಿ, ವಾಹನವನ್ನು ನಿಧಾನವಾಗಿ ಹಿಂದಕ್ಕೋ ಮುಂದಕ್ಕೋ ಗೇಣಷ್ಟು ಹೊರಳಿಸಿದರೆ ಬಹುಮಟ್ಟಿಗೆ ಕೂಡಿಕೊಳ್ಳುವುದು. ಇದು ಕೈಪಿಡಿಯಲ್ಲಿಯೂ ಇದೆ, ರಾಯರಿಗೆ ಕಂಠಪಾಠವೂ ಆಗಿದೆ. ಆದರೆ ಪಾಂಡಿತ್ಯವು ಅಷ್ಟು ಸುಲಭವಾದ ಪರಿಹಾರದಿಂದ ತೃಪ್ತಿಪಡುವಂಥದಲ್ಲ. ಆಕ್ಸಿಲರೇಟರನ್ನು ಬಲವಾಗಿ ತುಳಿದು, ಗಾಲಿಯನ್ನು ಮತ್ತಷ್ಟು ಆಳಕ್ಕೆ ಇಳಿಸಿ, ಅನಂತರ ಅವರು ರೋಗನಿದಾನಕ್ಕೆ ತೊಡಗಿದರು. ಫ್ಯೂಸ್ ಸುಟ್ಟಿರಬಹುದು, ರಿಲೇ ಕೆಟ್ಟಿರಬಹುದು, ತಿಂಗಳುಗಟ್ಟಲೆ ಉಪಯೋಗಿಸದೆ ಬಿಟ್ಟುದರಿಂದ ಲಾಕನ್ನು ತಳ್ಳುವ ಪುಟ್ಟ ಮೋಟಾರು ಬಿಗಿದಿರಬಹುದು, ವೈರಿನ ಕೂಡುಗಟ್ಟಿಗೆ ನೀರು ಸೇರಿರಬಹುದು, ಲೋ ಗೇರು ಬಿದ್ದಿದೆಯೆಂಬ ವಾರ್ತೆಯನ್ನು ಒಯ್ಯುವ ಸ್ವಿಚ್ಚು ಮೌನ ತಾಳಿರಬಹುದು. ಇವೆಲ್ಲವೂ ಸಂಭವನೀಯವೇ, ಒಂದನ್ನೂ ಸುಳ್ಳೆನ್ನುವಂತಿಲ್ಲ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಆಕಾಶಕ್ಕೆ ಹಿಡಿದು ಪರೀಕ್ಷಿಸುತ್ತಿದ್ದಾಗ ಮಳೆ ಸುರಿಯಿತು. ಹಿಂದಿನ ಸೀಟಿನಲ್ಲಿ ಚಕ್ಕುಲಿಯ ಡಬ್ಬವನ್ನು ತೆರೆಯುತ್ತಿದ್ದ ಶ್ರೀಮತಿಯವರು, “ಏನೂಂದ್ರೆ, ಒಂದ್ಸಲ ಇಳಿದು ಗಾಲಿಯನ್ನಾದರೂ ನೋಡಬಾರದೆ?” ಎಂದರು. ಕಾರಣವು ಗಾಲಿಯಲ್ಲಿಲ್ಲವೆಂದು ರಾಯರು ಕನಿಕರದಿಂದ ತಿಳಿಸಿದರು.

ಅಷ್ಟರಲ್ಲಿ ತೋಟದ ಜೀಪು ಬಂದಿತು. ಹಿಂದಿನ ಟೈರುಗಳಿಗೆ ಮಳೆಗಾಲದ ಚೈನು ಬಿಗಿದುಕೊಂಡು, ಬಾಗಿಲೂ ಇಲ್ಲದೆ, ಬಣ್ಣವೂ ಇಲ್ಲದೆ ಬಂದ ಆ ಮುದಿವಾಹನದಿಂದ ಇಳಿದ ಡ್ರೈವರನು ಮಾತಿಲ್ಲದೆ ಬಗ್ಗಿ ನೋಡಿ, “ಸಾರ್, ಹೌಸಿಂಗೇ ದಿಬ್ಬದ ಮೇಲೆ ಕೂತಿದೆಯಲ್ಲ. ಗಾಲಿಗೆ ನೆಲವೇ ಸಿಗ್ತಿಲ್ಲ, ಇನ್ನು ಲಾಕ್ ಏನ್ ಮಾಡುತ್ತೆ?” ಎಂದನು. ಬಳಿಕ ರಾಯರ ವಾಹನದ ನೆತ್ತಿಯ ಮೇಲಿಂದ, ಬೆಲೆಯ ಚೀಟಿ ಇನ್ನೂ ಅಂಟಿದ್ದ ಸಲಿಕೆಯನ್ನು ಬಿಚ್ಚಿಕೊಂಡು ಹೊಟ್ಟೆಯ ಕೆಳಗಿನ ಮಣ್ಣನ್ನು ಕೆರೆದನು. 32 ಪೌಂಡಿದ್ದ ಟೈರಿನ ಗಾಳಿಯನ್ನು 18ರವರೆಗೆ ಇಳಿಸಿ ಅದರ ಪಾದವನ್ನು ಅಗಲಗೊಳಿಸಿದನು. ಗುಂಡಿಗೆ ಕಲ್ಲು ತುಂಬಿ, ಹಗ್ಗ ಕಟ್ಟಿ, “ಆಕ್ಸಿಲರೇಟರ್ ಮಾತ್ರ ಮುಟ್ಟಬೇಡಿ ಸಾರ್” ಎಂದು ವಿನಂತಿಸಿ ಎಳೆದನು. ವಾಹನವು ನರಳಿ, ಗೇಣಷ್ಟು ಉರುಳಿತು. ಲಾಕಿನ ಗುಂಡಿಯು ಇನ್ನೂ ಒತ್ತಿಯೇ ಇದ್ದುದರಿಂದ, ಹಲ್ಲಿಗೆ ಹಲ್ಲು ಕೂಡಿ, ದೀಪವು ಸ್ಥಿರವಾಗಿ ಪ್ರಜ್ವಲಿಸಿತು.

“ನೋಡಿದಿರಾ! ಬಿತ್ತು ಲಾಕು!” ಎಂದು ರಾಯರು ಉದ್ಘೋಷಿಸಿದರು. ಡಾಂಬರು ತಲಪುವವರೆಗೂ ಹಗ್ಗವು ಬಿಗಿಯಾಗಿಯೇ ಇತ್ತೆಂಬುದನ್ನು ಅವರು ಗಮನಿಸಿದಂತೆ ಕಾಣಲಿಲ್ಲ. ಡಾಂಬರಿನ ಮೇಲೆ ವಾಹನವನ್ನು ತಿರುಗಿಸಹೊರಟಾಗ ಟೈರುಗಳು ಕಿರ್ರನೆ ಕಿರುಚಿದುವು, ವಾಹನವು ಎತ್ತ ತಿರುಗಿಸಿದರೂ ನೇರಕ್ಕೇ ಹೋಗಲೆಳಸಿತು. ರಾಯರು ಗುಂಡಿಯನ್ನು ಮತ್ತೆ ಒತ್ತಿದರು. ದೀಪವು ಮತ್ತೆ ಮಿನುಗತೊಡಗಿತು, ಲಾಕು ಬಿಡಲೊಲ್ಲದು. ಎರಡು ಗಾಲಿಗಳ ನಡುವಣ ಸೆಡೆತದಲ್ಲಿ ಹಲ್ಲುಗಳು ಸಿಲುಕಿದ್ದುವು. ಇದಕ್ಕೆ ಕಾರಣಗಳು ಹಲವಾರಿರಬಹುದೆಂದು ಆರಂಭಿಸಿದ ರಾಯರು, ಇದ್ದಕ್ಕಿದ್ದಂತೆ ಆ ಮುದಿಜೀಪಿನ ಹಿಂಭಾಗವನ್ನು ದಿಟ್ಟಿಸಿ, ಹೃತ್ಪೂರ್ವಕವಾದ ಕಳಕಳಿಯಿಂದ, “ನಿಮ್ಮ ಜೀಪಿಗೆ ಲಾಕ್ ಇಲ್ಲವಲ್ಲ! ಇಂಥ ದಾರಿಯಲ್ಲಿ ಬಹಳ ಅಪಾಯ. ಧಣಿಗಳಿಗೆ ಹೇಳಿ ಒಂದು ಹಾಕಿಸಿಕೊಳ್ಳಿ” ಎಂದು ಉಪದೇಶಿಸಿದರು.

“ಆಯ್ತು ಸಾರ್” ಎಂದನು ಡ್ರೈವರನು, ಕೆಸರು ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತ. “ಈಗ ಸ್ಟೇರಿಂಗ್ ನೇರ ಮಾಡಿ, ಒಂಚೂರು ರಿವರ್ಸ್ ತಗೊಳ್ಳಿ. ಬಿಟ್ಟುಕೊಳ್ಳುತ್ತೆ.”