ಬಿಸಿಲು ತಾಳದ ಸೋಲಾರು

ಹೊಸಪೇಟೆಯವರಿಗೆ ಬಿಸಿಲು ಮಾರುವುದು ಸಣ್ಣ ಧೈರ್ಯವಲ್ಲ. ಬಳ್ಳಾರಿ ಸೀಮೆಗಿರುವುದು ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಎಂದು ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುವ ಊರಿದು. ಇಂಥಲ್ಲಿಗೆ ಬೆಂಗಳೂರಿನ ಏಸಿ ಕೋಣೆಯಿಂದ ಸ್ಟಾರ್ಟಪ್ ಹುಡುಗರು ಚಾರಣಿಗರಿಗೆಂದು ‘ಸ್ಮಾರ್ಟ್ ಸೋಲಾರ್ ಬ್ಯಾಗ್’ ಹೊತ್ತು ಬರುತ್ತಾರೆ. ಬೆನ್ನಿಗೆ ಅಂಗೈ ಅಗಲದ ಪ್ಯಾನೆಲ್ಲು, ಒಳಗೆ 20,000 ಎಂಎಎಚ್ ಬ್ಯಾಟರಿ, ಪಟ್ಟಿಯ ಮೇಲೊಂದು ಪುಟ್ಟ ಪರದೆ. ಮಟಮಟ ಮಧ್ಯಾಹ್ನ ಹಂಪಿಯ ಮತಂಗ ಬೆಟ್ಟದ ಬುಡದಲ್ಲಿ ನಿಂತರೆ ಅದು ಕುಂಯ್‌ಗುಟ್ಟಿ ಎಚ್ಚರಿಸುತ್ತದೆ: ‘ಬಿಸಿಲು ಹೆಚ್ಚಿದೆ.’ ಇಷ್ಟು ದಿನ ಈ ಸಂಗತಿ ತಿಳಿಯಲು ಬರೀ ನೆತ್ತಿಯನ್ನು ನೆಚ್ಚಿಕೊಂಡಿದ್ದೆವಲ್ಲ!

ಆ ಬ್ಯಾಟರಿ ತುಂಬಲು ಸುಮಾರು 74 ವ್ಯಾಟ್-ಗಂಟೆ ವಿದ್ಯುತ್ ಬೇಕು. ಅಂಗೈ ಅಗಲದ ಪ್ಯಾನೆಲ್ಲು ಒಳ್ಳೇ ಬಿಸಿಲಲ್ಲಿ ಕೊಡುವುದು ಹೆಚ್ಚೆಂದರೆ ಒಂದೂವರೆ ವ್ಯಾಟ್. ನಡುವೆ ಏನೂ ಸೋರದಿದ್ದರೆ 49 ತಾಸು. ದಿನಕ್ಕೆ ಐದು ತಾಸು ಗಟ್ಟಿ ಬಿಸಿಲು ಸಿಕ್ಕರೆ ಹತ್ತು ದಿನ. ಹಂಪಿ ನೋಡಲು ಬಂದವರು ಎರಡನೇ ದಿನವೇ ಹಂಪಿ ಎಕ್ಸ್‌ಪ್ರೆಸ್ ಹತ್ತಿರುತ್ತಾರೆ. ಮಿಕ್ಕ ಎಂಟು ದಿನದ ಸೂರ್ಯೋಪಾಸನೆಯನ್ನು ಬ್ಯಾಗು ಬೆಂಗಳೂರಿನ ಅಟ್ಟದ ಮೇಲೆ ಮುಗಿಸಬೇಕು.

ಅಷ್ಟಕ್ಕೂ ಮತಂಗ ಬೆಟ್ಟ ಏರುವವರು ಏರುವುದು ಸೂರ್ಯ ಹುಟ್ಟುವ ಮೊದಲು. ಹೇಮಕೂಟದ ಮೇಲೆ ಕೂರುವುದು ಅವನು ಮುಳುಗುವಾಗ. ನಡುವಿನ ಹೊತ್ತೆಲ್ಲ ಯಾವುದಾದರೂ ಮಂಟಪದ ನೆರಳು. ಪಕ್ಕದ ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂಬ ಮಾತನ್ನು ಅಲ್ಲಿನವರು ಗಾಂಧೀಜಿಯವರ ಹೆಸರಿನಲ್ಲೇ ಹೇಳುತ್ತಾರೆ. ಆಗ ಬೆಟ್ಟದ ನೆತ್ತಿಯ ಮೇಲೆ ಮೋಡ. ಮೋಡವಿಲ್ಲದ ದಿನ ಅದಿರಿನ ಲಾರಿಗಳ ಕೆಂಧೂಳು ಪ್ಯಾನೆಲ್ಲಿಗೆ ಕುಂಕುಮಾರ್ಚನೆ ಮಾಡುತ್ತದೆ. ನಮ್ಮ ಸೀಮೆಯಲ್ಲಿ ಚಾರಣವೆಂದರೆ ಸೂರ್ಯನ ಕಣ್ಣು ತಪ್ಪಿಸುವ ವಿದ್ಯೆ. ಹುಡುಗರು ಅದಕ್ಕೇ ಸೋಲಾರ್ ಹೊಲಿದಿದ್ದಾರೆ.

ಇನ್ನು ಸಾಮಾನಿನ ಜಾತಕ. ಪ್ಯಾನೆಲ್ಲಿನ ಶಕ್ತಿಯನ್ನು ಅಳೆಯುವುದು 25 ಡಿಗ್ರಿಯಲ್ಲಿ. ಆಮೇಲೆ ಅದು ಕಾದಂತೆಲ್ಲ ಡಿಗ್ರಿಗೆ ಶೇ. 0.4ರ ಹತ್ತಿರ ಸೊರಗುತ್ತದೆ. ಲಿಥಿಯಂ ಬ್ಯಾಟರಿಯನ್ನಂತೂ 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಲೇಬಾರದು. ಏಪ್ರಿಲ್‌ನಲ್ಲಿ ಇಲ್ಲಿ ಗಾಳಿಯೇ 40ರ ಆಸುಪಾಸು. ಬಂಡೆಯ ಮೇಲಿಟ್ಟ ಕಪ್ಪು ಬ್ಯಾಗಿನೊಳಗೆ ಎಷ್ಟೆಂದು ಕೇಳಬೇಡಿ. ಹಾಗಾಗಿ ಕೈಪಿಡಿಯ ಒಂದು ಪುಟ ‘ನೇರ ಬಿಸಿಲಿಗೆ ಹಿಡಿಯಿರಿ’ ಎಂದರೆ ಇನ್ನೊಂದು ಪುಟ ‘ನೇರ ಬಿಸಿಲಿನಿಂದ ದೂರವಿಡಿ’ ಎನ್ನುತ್ತದೆ.

ಅದರ ಸ್ಮಾರ್ಟ್‌ತನವನ್ನು ಕಂಪ್ಲಿಯಲ್ಲಿ ನೋಡಬೇಕು. ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಗಂಗಾವತಿಯ ದಾರಿ ಬಂದ್. ಬಸ್‌ಸ್ಟ್ಯಾಂಡಿನಲ್ಲಿ ಕಡಲೆ ಮಾರುವವರಿಗೂ ಗೊತ್ತಿರುವ ಈ ಸುದ್ದಿ ದಾರಿ ತೋರಿಸುವ ಬ್ಯಾಗಿನ ಪರದೆಗೆ ಗೊತ್ತಿಲ್ಲ. ಅದು ‘ನೇರ ಸಾಗಿ’ ಎನ್ನುತ್ತದೆ. ಸಾಗಿದರೆ ಸೀದಾ ಹೊಳೆಗೆ.

ಕರ್ನಾಟಕಕ್ಕೆ ಸೋಲಾರ್ ಬುದ್ಧಿ ಇಲ್ಲವೆಂದಲ್ಲ. 1995ರಲ್ಲಿ ಶುರುವಾದ ಸೆಲ್ಕೋ ಎಂಬ ಸೋಲಾರ್ ಸಂಸ್ಥೆ ಹಳ್ಳಿಮನೆಗೂ ಬೀದಿ ವ್ಯಾಪಾರಿಗೂ ಬೇಕಾದಷ್ಟೇ ಬೆಳಕು ಹೊಂದಿಸಿ, ಸಾಲಕ್ಕೆ ಬ್ಯಾಂಕನ್ನೂ ಒಪ್ಪಿಸಿತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಬೀದಿ ವ್ಯಾಪಾರಿ ರೀಲ್ಸ್ ಮಾಡುವುದಿಲ್ಲವಲ್ಲ. ಈ ಸೀಮೆಯಲ್ಲಿ ನಿಜಕ್ಕೂ ದಿನವಿಡೀ ಬಿಸಿಲಲ್ಲಿ ನಡೆಯುವವರು ಕುರಿ ಕಾಯುವವರು. ದರೋಜಿ ಕಡೆ ಕತ್ತಲಾದರೆ ಕರಡಿ; ಅವರಿಗೊಂದು ಗಟ್ಟಿ ಟಾರ್ಚು ಸಾಕು. ಹುಡುಗರನ್ನು ಕೇಳಿದರೆ, “ಸರ್, ಅವರು ನಮ್ಮ ಟಾರ್ಗೆಟ್ ಅಲ್ಲ.”

ಟಾರ್ಗೆಟ್ ಆದವರು ಮಧ್ಯಾಹ್ನ ಚಹಾದಂಗಡಿಯಲ್ಲಿರುತ್ತಾರೆ. ಬ್ಯಾಗಿನಿಂದ ವೈರು ಹೊರಬಂದು ಅಂಗಡಿಯ ಸ್ವಿಚ್ ಬೋರ್ಡಿಗೆ ಸೇರುತ್ತದೆ. ಇಪ್ಪತ್ತು ರೂಪಾಯಿ ಕೊಟ್ಟರೆ ಸೌರಶಕ್ತಿ ತುಂಬುತ್ತದೆ. ಅಂಗಡಿಯಾಕೆ ಬ್ಯಾಗನ್ನು ಎತ್ತಿ ತಿರುವಿ ನೋಡಿ ಕೇಳಿದಳು: “ಬಿಸ್ಲಿಗಿಟ್ರ ಕೆಡ್ತೈತಿ, ನೆಳ್ಳಿಗಿಟ್ರ ತುಂಬಂಗಿಲ್ಲ. ಮತ್ತ ಎಲ್ಲಿಡ್ಬೇಕೋ ತಮ್ಮಾ ಇದನ್ನ?”

ಹುಡುಗ ಅದನ್ನು ಶ್ರದ್ಧೆಯಿಂದ ‘ಗ್ರಾಹಕರ ಅಭಿಪ್ರಾಯ’ ಎಂದು ಬರೆದುಕೊಂಡ. ಮುಂದಿನ ಮಾದರಿ ತಯಾರಾಗಿದೆ: ಬ್ಯಾಟರಿ ಕಾಯಬಾರದೆಂದು ಪ್ಯಾನೆಲ್ಲಿನ ಮೇಲೆ ತಾನಾಗಿಯೇ ಬಿಚ್ಚಿಕೊಳ್ಳುವ ಛತ್ರಿ. ಮುಂಗಡ ಬುಕಿಂಗ್‌ಗೆ ಶೇ. 15 ರಿಯಾಯಿತಿ.