ಎರಡೂವರೆ ಕಾರು

ಪಾರ್ಕಿನ ಕಲ್ಲುಬೆಂಚು. ನಿವೃತ್ತ ಗಣಿತ ಮೇಷ್ಟ್ರು. ಪಕ್ಕದಲ್ಲಿ ಶಿಕ್ಷಣ ಇಲಾಖೆಯಿಂದ ನಿವೃತ್ತರಾದ ರಾಯರು. (ಪಿಂಚಣಿ ಬಂದ ದಿನ, ಹಾಗಾಗಿ ದೇಶಾಭಿಮಾನ ಉಕ್ಕಿದೆ.)

"ಜಗತ್ತಿಗೆ ಸೊನ್ನೆ ಕೊಟ್ಟವರು ನಾವು, ಮೇಷ್ಟ್ರೇ!"

"ನಿಜ. 2009ರ ಪೀಸಾದಲ್ಲಿ ಅದನ್ನೇ ವಾಪಸ್ ಕೊಡೋ ಹಾಗಿತ್ತು."

"ಪೀಸಾ? ಆ ವಾಲಿದ ಗೋಪುರವೇ?"

"ಇಲ್ಲಿ ವಾಲಿದ್ದು ನಾವು. ಹದಿನೈದರ ಮಕ್ಕಳಿಗೆ ಗಣಿತ, ವಿಜ್ಞಾನ, ಓದಿನ ಪರೀಕ್ಷೆ. ನಮ್ಮ ಕಡೆಯಿಂದ ತಮಿಳುನಾಡು, ಹಿಮಾಚಲ ಕೂತವು. ಶಾಂಘೈ ಮೊದಲು. ನಾವು ತಳದಲ್ಲಿ, ಕಿರ್ಗಿಸ್ತಾನದ ಪಕ್ಕದ ಮನೆ."

"ಪ್ರಶ್ನೆಗಳೇ ನಮ್ಮ ಸಂದರ್ಭಕ್ಕೆ ಒಗ್ಗುವಂಥವಲ್ಲ ಅಂತ ಸರ್ಕಾರವೇ ಹೇಳಿತಲ್ಲ!"

"ಹೇಳಿತು. ನನ್ನ ಸೋದರಳಿಯನೂ ಎಸೆಸೆಲ್ಸಿ ಮುಗಿಸಿ ಬಂದು ಅದನ್ನೇ ಹೇಳಿದ್ದ."

"ಗ್ರೇಸ್ ಮಾರ್ಕ್ಸ್ ಕೇಳಬಹುದಿತ್ತು."

"ಅದಕ್ಕಿಂತ ಸುಲಭದ ದಾರಿ ಸಿಕ್ಕಿತು. 2012, 2015, 2018, ಮೂರು ಸಲವೂ ಗೈರುಹಾಜರಿ. 2019ರಲ್ಲಿ ಮತ್ತೆ ಹೆಸರು ಕೊಟ್ಟೆವು. ಕೊರೊನಾದಿಂದ ಪರೀಕ್ಷೆ 2022ಕ್ಕೆ ಹೋಯಿತು. ಆಗಲೂ ನಾವು ಕೂರಲಿಲ್ಲ, ಸಿಂಗಪುರ ಮೊದಲು ಬಂತು."

"ಬರೆಯದವನನ್ನು ಯಾರು ಫೇಲು ಮಾಡ್ತಾರೆ? ಅದಕ್ಕೂ ಬುದ್ಧಿ ಬೇಕು! ನಮ್ಮ ಮೊಮ್ಮಗ ಪುಟ್ಟನನ್ನೇ ನೋಡಿ, ಇಪ್ಪತ್ತರ ಮಗ್ಗಿ ನಿದ್ದೆಯಲ್ಲೂ ಹೇಳ್ತಾನೆ."

"ಬಾರೋ ಪುಟ್ಟ. ಮದುವೆಗೆ ಹತ್ತು ಜನ ಹೊರಟಿದ್ದಾರೆ. ಒಂದು ಕಾರಿಗೆ ನಾಲ್ಕು ಜನ. ಎಷ್ಟು ಕಾರು ಬೇಕು?"

"ಎರಡೂವರೆ, ಮೇಷ್ಟ್ರು ತಾತ."

"ಭಾಗಾಕಾರ ಸರಿಯಾಗಿದೆ ನೋಡಿ!" ರಾಯರ ಎದೆ ಉಬ್ಬಿತು.

"ಆ ಅರ್ಧ ಕಾರನ್ನು ಓಡಿಸೋರು ಯಾರೋ?"

ಪುಟ್ಟ ಅಜ್ಜನ ಮುಖ ನೋಡಿದ. ಅಜ್ಜ ಕೆಮ್ಮಿದರು.

"ಅದು ಸಿಲಬಸ್ಸಿನಲ್ಲಿ ಇಲ್ಲ, ಮೇಷ್ಟ್ರೇ."